ಟ್ಯಾಂಕ್ ತುಂಬಿದಾಗ ಬ್ಯಾಟರಿ ಸೋರುತ್ತಿತ್ತು

ನೀರು ತುಂಬಿದ್ದನ್ನು ಹೇಳೋಕೆ ಟ್ಯಾಂಕ್ ಮೇಲೆ ನಾನು ಮಾಡಿಟ್ಟ ಬ್ಯಾಟರಿ ಡಬ್ಬಿ ಮೊದಲ ಸಲ ಸತ್ತಾಗ ಮಾವ ಏನೂ ಅನ್ನಲಿಲ್ಲ. ಎರಡನೇ ಸಲ, "ಏನಮ್ಮಾ, ನಿನ್ನ ಡಬ್ಬಿ ಮತ್ತೆ ಮಲಗಿಬಿಡ್ತಾ?" ಅಂದರು. ನನಗೆ ನಗು ಬಂತು. ಅದು ಮಲಗಲಿ ಅಂತಲೇ ಅಲ್ವಾ ನಾನು ಇಷ್ಟು ದಿನ ಒದ್ದಾಡಿದ್ದು! ಸರಿಯಾಗಿ ನಿದ್ದೆ ಮಾಡದೇ ಇದ್ದದ್ದಕ್ಕೇ ಅದು ಸತ್ತಿದ್ದು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ಸಂಪು, ತಾರಸಿ ಮೇಲೆ 1000 ಲೀಟರ್ ಟ್ಯಾಂಕ್. ಮೋಟರ್ ಹಾಕಿ ಮರೆಯೋದು, ಪಕ್ಕದ ಮನೆಯವರು "ರೀ, ನಿಮ್ಮನೆ ನೀರು ಹೋಗ್ತಿದೆ" ಅಂತ ಕೂಗೋದು, ಇದು ವಾರಕ್ಕೆರಡು ಸಲ ಆಗುತ್ತಿತ್ತು. ಟ್ಯಾಂಕ್ ತುಂಬಿದ ತಕ್ಷಣ ಅಡುಗೆಮನೆಯಲ್ಲಿ ಬಜರ್ ಹೊಡೆದರೆ ಸಾಕು, ಅಷ್ಟೇ ನನ್ನ ಆಸೆ. ಮೋಟರ್ ತಾನಾಗೇ ಆಫ್ ಆಗೋ ಹಾಗೆ ಮಾಡಬಹುದಿತ್ತು. ಆದರೆ ಆ ಸ್ವಿಚ್ ಮಾವನ ಇಲಾಖೆ, ನಾನು ಕೈ ಹಾಕಲಿಲ್ಲ.

ಕೆಳಗಿನಿಂದ ತಾರಸಿಗೆ ವೈರ್ ಎಳೆಯೋಕೆ ಮನಸ್ಸಿರಲಿಲ್ಲ. ಅಳಿಲುಗಳು ಕೇಬಲ್ ಟಿವಿ ವೈರನ್ನೇ ಬಿಟ್ಟಿಲ್ಲ. ಹಾಗಾಗಿ ಮೇಲಿನದು ಬ್ಯಾಟರಿ ಮೇಲೆ, ಒಂದೇ ಒಂದು 18650 ಅನ್ನೋ ಲಿಥಿಯಂ ಸೆಲ್, 2600 ಮಿಲಿಆಂಪ್‌ಅವರ್. ಕೆಳಗಿನದು ಮೊಬೈಲ್ ಚಾರ್ಜರ್ ಮೇಲೆ. ಕರೆಂಟ್ ಹೋದರೆ? ಆಗ ಮೋಟರೂ ನಿಂತಿರುತ್ತೆ, ಬಜರ್ ಯಾರಿಗೆ ಬೇಕು.

ಎರಡೂ ಕಡೆ ಇರೋದು ಇಎಸ್‌ಪಿ8266. ಈ ಚಿಪ್ ವೈಫೈನಲ್ಲಿ ಮಾತಾಡುವಾಗ ಒಮ್ಮೊಮ್ಮೆ 170 ಮಿಲಿಆಂಪ್‌ವರೆಗೂ ಎಳೆಯುತ್ತೆ. ಗಾಢ ನಿದ್ದೆಗೆ ಹೋದರೆ ಸುಮಾರು 20 ಮೈಕ್ರೋಆಂಪ್ ಸಾಕು, ಮೈಕ್ರೋ ಅಂದರೆ ಮಿಲಿಯ ಸಾವಿರದಲ್ಲೊಂದು ಭಾಗ. ಐದು ನಿಮಿಷಕ್ಕೊಮ್ಮೆ ಎದ್ದು, ಟ್ಯಾಂಕಿನ ಎರಡು ಫ್ಲೋಟ್ ಸ್ವಿಚ್ ನೋಡಿ, ಕೆಳಗೆ ಸುದ್ದಿ ಕೊಟ್ಟು, ಮತ್ತೆ ಮಲಗಬೇಕು. ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಅಂಥದ್ದೇ ಒಂದು ಸೆನ್ಸರ್, ಎಚ್‌ಸಿ-ಎಸ್‌ಆರ್04, ಸುಮ್ನೆ ಕೂತಿದ್ದರೂ 2 ಮಿಲಿಆಂಪ್ ಕುಡಿಯುತ್ತೆ, ಸಾಲದ್ದಕ್ಕೆ 5 ವೋಲ್ಟ್ ಬೇರೆ ಬೇಕು. ಫ್ಲೋಟ್ ಅಂದರೆ ಒಂದು ಬೆಂಡು, ಅದರೊಳಗೆ ಅಯಸ್ಕಾಂತ, ಕಡ್ಡಿಯೊಳಗೆ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚೋ ರೀಡ್ ಸ್ವಿಚ್. ಅದಕ್ಕೆ ಕರೆಂಟೇ ಬೇಡ. ಹಾಗಂತ ನಾನು ನಂಬಿದ್ದೆ.

ಮೊದಲ ಸಾವು ಏಳನೇ ದಿನಕ್ಕೆ ಆಯಿತು. ತಪ್ಪು ನನ್ನದೇ. ಆ ಚಿಪ್ ಕೂತಿರೋ ನೋಡ್‌ಎಂಸಿಯು ಬೋರ್ಡನ್ನು ಹಾಗೇ ಡಬ್ಬಿಗೆ ಹಾಕಿದ್ದೆ. ಆ 20 ಮೈಕ್ರೋಆಂಪ್ ಚಿಪ್‌ನ ಲೆಕ್ಕ. ಬೋರ್ಡ್ ಮೇಲೆ ವೋಲ್ಟೇಜ್ ಇಳಿಸುವ ಎಎಂಎಸ್1117 ಇದೆ, ಯುಎಸ್‌ಬಿಗೆ ಅಂತ ಇನ್ನೊಂದು ಚಿಪ್ ಇದೆ. ಇವೆರಡೂ ಮಲಗೋ ಪೈಕಿ ಅಲ್ಲ. ಮೀಟರ್ ಇಟ್ಟರೆ 9 ಮಿಲಿಆಂಪ್! ಜೊತೆಗೆ ಎಎಂಎಸ್1117ಗೆ ಒಳಗೆ ಬರುವ ವೋಲ್ಟೇಜ್ ಹೊರಗೆ ಹೋಗುವುದಕ್ಕಿಂತ ಸುಮಾರು 1 ವೋಲ್ಟ್ ಜಾಸ್ತಿಯೇ ಇರಬೇಕು. ಸೆಲ್‌ನಲ್ಲಿ ಇನ್ನೂ ಉಳಿದಿರುವಾಗಲೇ ಡಬ್ಬಿ ಕೈಕೊಟ್ಟಿತು.

ಎರಡನೇ ಸಲ ಬೋರ್ಡ್ ಬಿಟ್ಟೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಿಂದ ಅದೇ ಚಿಪ್ ಇರೋ ಬರೀ ಇಎಸ್‌ಪಿ-12ಎಫ್ ಮಾಡ್ಯೂಲ್, ವೋಲ್ಟೇಜ್ ಇಳಿಸೋಕೆ ತಾನು ತೀರಾ ಕಡಿಮೆ ಕುಡಿಯೋ ಎಂಸಿಪಿ1700 ರೆಗ್ಯುಲೇಟರ್, 470 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಸೋಲ್ಡರ್ ಮಾಡಿದೆ. ರೂಟರ್‌ಗೆ ಕನೆಕ್ಟ್ ಆಗೋಕೇ ಮೂರ್ನಾಲ್ಕು ಸೆಕೆಂಡ್ ಹೋಗುತ್ತಿತ್ತು. ಅದನ್ನು ಬಿಟ್ಟು ಇಎಸ್‌ಪಿ-ನೌ ಬಳಸಿದೆ, ಎರಡು ಚಿಪ್ ನೇರವಾಗಿ ಮಾತಾಡ್ತವೆ. ಎಚ್ಚರ ಇರೋದು ಈಗ ಸೆಕೆಂಡಿನ ಮೂರನೇ ಒಂದು ಭಾಗ.

ಮೈಕ್ರೋಆಂಪ್ ಅಳೆಯೋದರಲ್ಲೂ ಒಂದು ಕಿರಿಕಿರಿ ಇದೆ. ಮೀಟರನ್ನು ಆ ರೇಂಜ್‌ನಲ್ಲಿಟ್ಟರೆ ಚಿಪ್ ಏಳೋದೇ ಇಲ್ಲ. ಏಳೋಕೆ ಬೇಕಾದಷ್ಟು ಕರೆಂಟನ್ನು ಮೀಟರ್ ತನ್ನ ಮೂಲಕ ಬಿಡೋದಿಲ್ಲ. ಅದಕ್ಕೆ ಮೀಟರಿನ ಎರಡೂ ಕಡ್ಡಿಗೆ ಅಡ್ಡಲಾಗಿ ಒಂದು ಕ್ಲಿಪ್ ವೈರ್ ಹಾಕಿ, ಅದು ಎದ್ದು ಕೆಲಸ ಮುಗಿಸಿ ಮಲಗಿದ ಮೇಲೆ ಮೆತ್ತಗೆ ತೆಗೆಯಬೇಕು. ಮಗು ಮಲಗಿಸಿ ಕೈ ಬಿಡಿಸಿಕೊಳ್ಳೋ ಹಾಗೆ. ಮೇಜಿನ ಮೇಲೆ 24 ಮೈಕ್ರೋಆಂಪ್ ತೋರಿಸಿತು. ಎಬ್ಬಿಸೋ ಖರ್ಚು ಸೇರಿಸಿದರೂ ಎರಡು ವರ್ಷಕ್ಕೆ ಮೋಸ ಇಲ್ಲ ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ.

ಆರು ತಿಂಗಳಿಗೆ ಸತ್ತಿತು. ಮಾವ ಕೇಳಿದ್ದು ಆವಾಗಲೇ.

ಡಬ್ಬಿ ಇಳಿಸಿ ಮೇಜಿನ ಮೇಲೆ ಅಳೆದೆ. ಅದೇ 24. ಸೆಲ್ ಬದಲಾಯಿಸಿ ಅಳೆದೆ. 24. ಮೂರು ದಿನ ತಲೆ ಕೆಟ್ಟುಹೋಯಿತು. ಕೊನೆಗೆ ಮೀಟರನ್ನೇ ತಾರಸಿಗೆ ಹೊತ್ತುಕೊಂಡು ಹೋದೆ. ಟ್ಯಾಂಕ್ ತುಂಬಿತ್ತು. ಮೀಟರ್ 684 ತೋರಿಸಿತು.

ಆಗ ಹೊಳೆಯಿತು. ಮೇಜಿನ ಮೇಲೆ ಫ್ಲೋಟ್ ಜೋತುಬಿದ್ದಿರುತ್ತೆ, ಸ್ವಿಚ್ ತೆರೆದಿರುತ್ತೆ. ನೀರಲ್ಲಿ ಮೇಲೆ ತೇಲಿದಾಗ ಸ್ವಿಚ್ ಮುಚ್ಚುತ್ತೆ. ಪ್ರತಿ ಸ್ವಿಚ್‌ಗೂ ನಾನು 10ಕೆ ಪುಲ್‌ಅಪ್ ರೆಸಿಸ್ಟರ್ (ಸ್ವಿಚ್ ತೆರೆದಿರುವಾಗ ಚಿಪ್‌ನ ಕಾಲನ್ನು 3.3 ವೋಲ್ಟ್‌ನಲ್ಲಿ ಹಿಡಿದಿಡೋದು) ಹಾಕಿದ್ದೆ, ಎಲ್ಲರೂ ಹಾಕ್ತಾರೆ ಅಂತ. 3.3 ವೋಲ್ಟ್, 10 ಸಾವಿರ ಓಮ್: 330 ಮೈಕ್ರೋಆಂಪ್. ಚಿಪ್ ಮಲಗಿದರೂ ಅದು ಹರಿಯುತ್ತಲೇ ಇರುತ್ತೆ. ಎರಡು ಫ್ಲೋಟ್‌ಗೆ 660. ಟ್ಯಾಂಕ್ ತುಂಬಿದಷ್ಟು ಹೊತ್ತೂ ಬ್ಯಾಟರಿ ಸೋರುತ್ತಿತ್ತು. ನಮ್ಮ ಮಾವ ಟ್ಯಾಂಕ್ ಕಾಲು ಭಾಗ ಖಾಲಿಯಾಗೋಕೂ ಬಿಡೋ ಮನುಷ್ಯರಲ್ಲ!

10ಕೆ ಕಿತ್ತು 1 ಮೆಗಾಓಮ್ ಹಾಕಿದೆ. ಈಗ ಪ್ರತಿ ಫ್ಲೋಟ್‌ಗೆ 3.3 ಮೈಕ್ರೋಆಂಪ್. ವೈರ್ ಉದ್ದ ಇದೆ, ಸುಳ್ಳು ಸಿಗ್ನಲ್ ಹಿಡಿಯಬಾರದು ಅಂತ ಜೊತೆಗೆ ಒಂದೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಟ್ಟು ಕೆಲಸ ಇಪ್ಪತ್ತು ನಿಮಿಷದ್ದು. ಡಬ್ಬಿಯನ್ನು ಟ್ಯಾಂಕಿನ ನೆರಳಿಗೆ ಸರಿಸಿದೆ, ಲಿಥಿಯಂ ಸೆಲ್‌ಗೆ ಬಿಸಿಲು ಆಗಲ್ಲ. ಒಳಗೆ ಇರುವೆ ಗೂಡು ಕಟ್ಟಿದ್ದವು, ಅದಕ್ಕೆ ಇನ್ನೂ ಉಪಾಯ ಸಿಕ್ಕಿಲ್ಲ.

ಇದಾಗಿ ಹತ್ತು ತಿಂಗಳು. ಭಾನುವಾರ ಬಟ್ಟೆ ಒಣಹಾಕೋಕೆ ಹೋದಾಗ ಸೆಲ್‌ನ ವೋಲ್ಟೇಜ್ ನೋಡಿ ಹಾಲಿನ ಪುಸ್ತಕದ ಹಿಂದೆ ಬರೀತೀನಿ. ಹೋದ ತಿಂಗಳು ಒಂದು ಭಾನುವಾರ ನಾನು ಊರಲ್ಲಿರಲಿಲ್ಲ. ತಿಂಗಳ ಕೊನೆಗೆ ಹಾಲಿನ ಲೆಕ್ಕ ಸುಮಾರು 4 ಲೀಟರ್ ಜಾಸ್ತಿ ಬಂತು. ಎರಡು ಸಲ ಕೂಡಿದೆ. ಮತ್ತೆ ಜಾಸ್ತಿ. ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದರೆ, ಆ ಭಾನುವಾರದ ಹಾಲಿನ ಎದುರಿಗೆ ಮಾವನ ದುಂಡು ಅಕ್ಷರದಲ್ಲಿ 3.94.