ಅಳುವವರು ಏನು ಹಾಡಬೇಕು?

"ನಿಮ್ಮ ಚರ್ಚಿನಲ್ಲಿ ದುಃಖದಲ್ಲಿರುವವರು ಏನು ಹಾಡ್ತಾರೆ?" ಅಂತ ಪಕ್ಕದ ಮನೆ ಅಜ್ಜಿ ಹೋದ ಭಾನುವಾರ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಅದು ಮನಸ್ಸಿನಲ್ಲಿ ಕೊರೆಯುತ್ತಿದೆ. ಊರಿನ ನಮ್ಮವರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಸ್ಕಾಟ್‌ಲೆಂಡಿನ ಲೂಯಿಸ್ ದ್ವೀಪದಲ್ಲಿ. ತೀರ್ಥಹಳ್ಳಿ ಕಡೆ ಬೆಳೆದವರಿಗೆ ಇಲ್ಲಿನ ಮಳೆ ಹೊಸದೇನಲ್ಲ, ಮರವೇ ಕಾಣದ ಬಯಲು ಮಾತ್ರ ಹೊಸದು. ರಜೆ ಸಿಕ್ಕ ಭಾನುವಾರ ಅಜ್ಜಿ ಜೊತೆ ಅವರ ಚರ್ಚಿಗೆ ಹೋಗುತ್ತೇನೆ. ಅಲ್ಲಿ ಆರ್ಗನ್ ಇಲ್ಲ, ಕೀಬೋರ್ಡ್ ಇಲ್ಲ, ಸಾಲು ತೋರಿಸುವ ಪರದೆಯೂ ಇಲ್ಲ. ಹಾಡುವುದು ಬೈಬಲಿನ ಕೀರ್ತನೆಗಳನ್ನು ಮಾತ್ರ. ಪ್ರಾರ್ಥನೆಗೆ ಎದ್ದು ನಿಲ್ಲುತ್ತಾರೆ, ಹಾಡುವಾಗ ಕೂತಿರುತ್ತಾರೆ, ನಮ್ಮ ಪದ್ಧತಿಗೆ ಪೂರ್ತಿ ಉಲ್ಟಾ. ಅವರ ಫ್ರೀ ಚರ್ಚ್ ಪಂಗಡ 2010ರಲ್ಲೇ ಬೇರೆ ಗೀತೆಗಳಿಗೂ ವಾದ್ಯಗಳಿಗೂ ಒಪ್ಪಿಗೆ ಕೊಟ್ಟಿದೆ. ಆದರೂ ಈ ದ್ವೀಪದಲ್ಲಿ ಹಳೇ ಕ್ರಮ ಬಿಡದ ಸಭೆಗಳಿವೆ.

ಇಲ್ಲಿಯವರ ಹಳೇ ಭಾಷೆ ಗೇಲಿಕ್. ಆ ಭಾಷೆಯ ಆರಾಧನೆಯನ್ನಂತೂ ಕೇಳಿಯೇ ತಿಳಿಯಬೇಕು. ಮುಂದೆ ಕೂತ ಒಬ್ಬರು ಒಂದು ಸಾಲನ್ನು ಹಾಡಿಕೊಡುತ್ತಾರೆ, ಅದು ಮುಗಿಯುತ್ತಿದ್ದ ಹಾಗೇ ಇಡೀ ಸಭೆ ಆ ಸಾಲನ್ನು ಎತ್ತಿಕೊಳ್ಳುತ್ತದೆ, ಒಬ್ಬೊಬ್ಬರೂ ತಮಗೆ ಬಂದ ಹಾಗೆ ಎಳೆದು, ಬಳುಕಿಸಿ, ಆದರೂ ಎಲ್ಲರೂ ಒಂದೇ ರಾಗದೊಳಗೆ. ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವರು ಬಾಗಿಲಿಗೆ ಬಂದಾಗ ಮುಂದಿನವರ ಸಾಲನ್ನು ಹಿಂದಿನವರು ಹಿಡಿಯುತ್ತಾರಲ್ಲ, ಹಾಗೆ. ಆದರೆ ಇದು ತುಂಬಾ ನಿಧಾನ. ಪುಸ್ತಕಗಳು ಕಮ್ಮಿ ಇದ್ದ, ಎಲ್ಲರಿಗೂ ಓದು ಬಾರದಿದ್ದ ಕಾಲದಲ್ಲಿ ಹುಟ್ಟಿದ ಕ್ರಮವಂತೆ. ಇವತ್ತು ಎಲ್ಲರಿಗೂ ಓದು ಬರುತ್ತದೆ, ಹಾಡುವ ಕ್ರಮ ಹಾಗೇ ಉಳಿದಿದೆ.

ಹೋದ ಭಾನುವಾರ ಹಾಡಿದ್ದು 88ನೇ ಕೀರ್ತನೆ. ಅಜ್ಜಿ ಪಕ್ಕದಲ್ಲಿ ಬೈಬಲ್ ತೆರೆದು ತೋರಿಸಿದರು. ಬೇರೆ ದುಃಖದ ಕೀರ್ತನೆಗಳಲ್ಲಿ ಕೊನೆಗಾದರೂ ಒಂದಿಷ್ಟು ನಂಬಿಕೆ, ಒಂದಿಷ್ಟು ಬೆಳಕು ಬರುತ್ತದೆ. ಇದರಲ್ಲಿ ಅದೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಡೀ ಸಭೆ ಅದನ್ನು ಹಾಡಿ ಸುಮ್ಮನೆ ಕೂತಿತು. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಬರುವಾಗ ದಾರಿಯಲ್ಲಿ, ಊರಲ್ಲಿ ಇದನ್ನು ಒಂದು ಸಲವೂ ಹಾಡಿಲ್ಲ ಅಂದೆ. ಆಗ ಅಜ್ಜಿ ಆ ಪ್ರಶ್ನೆ ಕೇಳಿದ್ದು.

ಥಟ್ಟನೆ ಚಿಕ್ಕಮ್ಮ ನೆನಪಾದರು. ಅವರ ಮಗ ಹೊಳೆಯಲ್ಲಿ ಮುಳುಗಿ ಹೋದ ಮಳೆಗಾಲ ಅದು. ಮಣ್ಣು ಮಾಡಿದ ಮುಂದಿನ ಭಾನುವಾರವೇ ಚಿಕ್ಕಮ್ಮ ಆರಾಧನೆಗೆ ಬಂದರು, ಬಿಳಿ ಸೀರೆ ಉಟ್ಟುಕೊಂಡು, ಎಂದಿನ ಬೆಂಚಿನಲ್ಲೇ ಕೂತರು. ಕೀಬೋರ್ಡ್ ಶುರುವಾಯಿತು, ಚಪ್ಪಾಳೆ ಶುರುವಾಯಿತು, ಜಯದ ಹಾಡು, ಆಮೇಲೆ ಸಂತೋಷದ ಹಾಡು. ಚಿಕ್ಕಮ್ಮ ಎದ್ದು ಹೊರಗೆ ಜಗಲಿಗೆ ಹೋಗಿ ನಿಂತರು. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಬಂದು, ವಿಶ್ವಾಸ ಇರುವವರು ಇಷ್ಟು ಅಳಬಾರದಮ್ಮ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ನನಗೆ ಈಗಲೂ ಚುಚ್ಚುತ್ತದೆ. 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರುವುದು ಅಳಲು, ದೂರು, ಮೊರೆ. ದೇವರ ಪುಸ್ತಕದಲ್ಲೇ ಅಷ್ಟು ಕಣ್ಣೀರಿಗೆ ಜಾಗ ಇರುವಾಗ ನಮ್ಮ ಆರಾಧನೆಯಲ್ಲಿ ಯಾಕೆ ಇಲ್ಲ?

ಪಕ್ಕದ ಮನೆ ಅಜ್ಜಿಯ ತಾತ ಅಯೊಲೇರ್ ಹಡಗಿನಲ್ಲಿ ಸತ್ತವರು. ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಬರುತ್ತಿದ್ದ ದ್ವೀಪದ ನಾವಿಕರನ್ನು ತುಂಬಿಕೊಂಡ ಹಡಗು. 1919ರ ಜನವರಿ 1ರ ನಸುಕಿನಲ್ಲಿ ಸ್ಟಾರ್ನೊವೇ ಬಂದರಿನ ಹತ್ತಿರವೇ ಬಂಡೆಗೆ ಬಡಿಯಿತು. 200ಕ್ಕೂ ಹೆಚ್ಚು ಜನ ಹೋದರು. ಇಡೀ ಯುದ್ಧ ದಾಟಿ ಬಂದವರು ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ ಸತ್ತರು. ಆ ದುಃಖದ ಬಗ್ಗೆ ದ್ವೀಪದವರು ಎಷ್ಟೋ ವರ್ಷ ಬಾಯಿ ಬಿಡಲಿಲ್ಲ. "ಅದರ ಬಗ್ಗೆ ನಮ್ಮ ಅಜ್ಜಿ ಒಂದು ಮಾತೂ ಆಡಲಿಲ್ಲ, ಕೀರ್ತನೆ ಮಾತ್ರ ಹಾಡುತ್ತಿದ್ದರು" ಅಂದರು ಇವರು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಶುಭ ಶುಕ್ರವಾರ 22ನೇ ಕೀರ್ತನೆ ಓದುತ್ತೇವೆ. ಯೇಸು ಶಿಲುಬೆಯ ಮೇಲೆ, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ ಕೂಗಿದ್ದು ಅದರ ಮೊದಲ ಸಾಲನ್ನೇ. ಸಾವಿನ ಮನೆಯಲ್ಲೂ ಹಾಡುತ್ತೇವೆ. ಇನ್ನು ಊರಿನ ನಮ್ಮ ಅಜ್ಜಿಯಂತೂ ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಬುಡ್ಡಿ ದೀಪದಲ್ಲಿ ಕೀರ್ತನೆಗಳನ್ನು ಸಾಲಾಗಿ ಓದುತ್ತಿದ್ದರು, ಸಿಟ್ಟಿನದನ್ನೂ, ಶಾಪ ಹಾಕುವುದನ್ನೂ, ಒಂದನ್ನೂ ಬಿಡದೆ. ಕೊಳೆರೋಗಕ್ಕೆ ಅಡಿಕೆ ಉದುರಿ ಹೋದ ವರ್ಷ ಇನ್ನೂ ಜೋರಾಗಿ ಓದುತ್ತಿದ್ದರು. ಸಮಾಧಾನದ, ಸ್ತುತಿಯ ಕೀರ್ತನೆಗಳಾದ 23, 100, 121, 150 ಇವಷ್ಟೇ ಸಾಕು ಅಂತ ಅವರು ಯಾವತ್ತೂ ಅಂದುಕೊಂಡಿರಲಿಲ್ಲ. ಆರಿಸಿಕೊಳ್ಳಲಿಕ್ಕೆ ಶುರು ಮಾಡಿದ್ದು ನಮ್ಮ ಕಾಲದವರು. ಮೈಕ್ ಹಿಡಿದವರು ನಾಲ್ಕು ಜನ ಹಾಡುತ್ತಾರೆ, ಉಳಿದವರು ನೋಡುತ್ತಾರೆ. ಊರಿನ ಮೇಲೆ ನನಗಿರುವ ದೊಡ್ಡ ಬೇಜಾರು ಇದೇ.

ಸಭೆಯ ಕ್ವಾಯರ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿ, 13ನೇ ಕೀರ್ತನೆಯನ್ನು ವಾದ್ಯ ಇಲ್ಲದೆ ಒಂದು ಭಾನುವಾರ ಹಾಡಿ ಅಂದೆ. ದೇವರೇ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ಶುರುವಾಗುವ ಕೀರ್ತನೆ ಅದು. "ರಾಗ ಎಲ್ಲಿದೆ ಅಕ್ಕಾ?" ಅಂದ. ಸರಿಯಾಗೇ ಕೇಳಿದ. ಇಲ್ಲಿಯವರು ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. 1650ರ ಅವರ ಇಂಗ್ಲಿಷ್ ಕೀರ್ತನೆ ಪುಸ್ತಕದಲ್ಲಿ 150ನ್ನೂ ಒಂದೇ ಅಳತೆಯಲ್ಲಿ ಹಾಡಬಹುದು, ನಾಲ್ಕು ಸಾಲಿಗೆ ಕ್ರಮವಾಗಿ 8, 6, 8, 6 ಅಕ್ಷರದ ಲೆಕ್ಕ. ಒಂದು ರಾಗ ಬಂದರೆ ಯಾವ ಕೀರ್ತನೆಗಾದರೂ ಹೊಂದುತ್ತದೆ. ನಮಗೇನು ಕಮ್ಮಿ? ಷಟ್ಪದಿ ಇದೆ. ಶಿವಮೊಗ್ಗದ ಪಕ್ಕದಲ್ಲೇ ಹೊಸಹಳ್ಳಿ ಇದೆ, ಕುಮಾರವ್ಯಾಸನ ಭಾಮಿನಿಯನ್ನು ಗಮಕದಲ್ಲಿ ಹಾಡಿದರೆ ಅಳು ಹೇಗೆ ತುಂಬಿ ಬರುತ್ತದೆ ಅಂತ ಅಲ್ಲಿ ಕೇಳಿದವರಿಗೆ ಗೊತ್ತು. ಕಿಟೆಲ್ ಸಾಹೇಬರೂ ಯೇಸುವಿನ ಕಥೆಯನ್ನು ನಮ್ಮ ನೆಲದ ಛಂದಸ್ಸಿನಲ್ಲೇ ಬರೆದಿದ್ದರು.

13ನೇ ಕೀರ್ತನೆಯಲ್ಲಿರುವುದು ಆರೇ ವಚನ. ತಮ್ಮ ಅದನ್ನು ಭಾಮಿನಿಗೆ ಕೂರಿಸುತ್ತೇನೆ ಅಂತ ಹೊರಟಿದ್ದಾನೆ, ಮಾತ್ರೆ ತಪ್ಪುತ್ತಿದೆಯಂತೆ. ಷಟ್ಪದಿ ಬಲ್ಲವರು, ರಾಗ ಹಾಕಬಲ್ಲವರು ಊರ ಕಡೆ ಇದ್ದರೆ ಅವನಿಗೆ ಸ್ವಲ್ಪ ಸಹಾಯ ಮಾಡಿ. ಶ್ರುತಿ ತಗ್ಗಿನಲ್ಲಿರಲಿ, ಚಿಕ್ಕಮ್ಮನ ದನಿ ಜಾಸ್ತಿ ಮೇಲೆ ಹೋಗುವುದಿಲ್ಲ.