ಹೊರಗೆ ಹೊಸದು, ಒಳಗೆ ತಂತಿ

ಎಲೆಕ್ಟ್ರಿಕ್ ಕಾರು ತಗೊಂಡವರಿಗೆ ಎಲ್ಲರೂ ಹೇಳುವ ಮಾತು ಒಂದಿದೆ. ‘ಇವಿ ಅಲ್ವಾ, ಟೈರ್ ಬೇಗ ಹೋಗುತ್ತೆ.’

ಸುಳ್ಳೇನಲ್ಲ. ನನ್ನ ಕಾರು 1,800 ಕೆಜಿ ದಾಟುತ್ತದೆ. ಅದರಲ್ಲಿ ಬ್ಯಾಟರಿಯದ್ದೇ ದೊಡ್ಡ ಪಾಲು. ಮೋಟಾರ್ ಇರುವುದು ಹಿಂದೆ. ಪೆಡಲ್ ಒತ್ತಿದ ತಕ್ಷಣ ಟಾರ್ಕ್, ಅಂದರೆ ತಿರುಗಿಸುವ ಬಲ, ಪೂರ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಕಾಲು ತೆಗೆದರೆ ರೀಜನ್ ಶುರುವಾಗುತ್ತದೆ, ಅಂದರೆ ಮೋಟಾರೇ ಕಾರಿನ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ, ಹಿಡಿದು ನಿಲ್ಲಿಸುವ ಕೆಲಸವೂ ಆ ಹಿಂದಿನ ಚಕ್ರಗಳಿಗೇ. ಓಡೋದಕ್ಕೂ ಅವೇ, ನಿಲ್ಲೋದಕ್ಕೂ ಅವೇ. ಹಿಂದಿನ ಟೈರ್ ಸ್ವಲ್ಪ ಮುಂಚೆ ಸವೆದರೆ ಅದಕ್ಕೆ ಕಾರಣ ಇದೆ. ಆದರೆ ಈ ಒಂದು ಮಾತು ಎಷ್ಟು ಅನುಕೂಲದ್ದು ಅಂದರೆ, ಹೇಳಿದವರು ಆಮೇಲೆ ಬಗ್ಗಿ ಟೈರ್ ನೋಡುವುದೇ ಇಲ್ಲ.

ನಾನಿರುವುದು ಮೈಸೂರಿನಲ್ಲಿ, ಪಾಠ ಮಾಡುವುದು ಮಂಡ್ಯದಲ್ಲಿ. ದಿನಾ ಬೆಂಗಳೂರು ಹೆದ್ದಾರಿಯಲ್ಲೇ ಓಡಾಟ. ದಸರಾ ರಜೆ ಮುಗಿದ ಮೇಲೆ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. 50 ದಾಟಿದರೆ ಹಿಂದಿನಿಂದ ಗೊಂಯ್ ಅನ್ನುತ್ತಿತ್ತು. 80ಕ್ಕೆ ಹೋದರೆ ಅದೇ ಸದ್ದು ಇನ್ನೂ ಮೇಲಿನ ಸ್ವರಕ್ಕೆ ಏರುತ್ತಿತ್ತು. ಪೆಟ್ರೋಲ್ ಕಾರಾಗಿದ್ದರೆ ಎಂಜಿನ್ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತೇನೋ. ಇಲ್ಲಿ ಹಾಡು ಹಾಕಿದರೂ ಕೇಳಿಸುತ್ತಿತ್ತು.

ಸರ್ವಿಸ್ ಸೆಂಟರಿನವರು ಒಂದು ಸುತ್ತು ಓಡಿಸಿದರು. ಮೊದಲು ವೀಲ್ ಬೇರಿಂಗ್ ಇರಬಹುದು ಅಂದರು. ಎತ್ತಿ, ಚಕ್ರ ಅಲ್ಲಾಡಿಸಿ, ಬೇರಿಂಗ್ ಚೆನ್ನಾಗಿದೆ ಅಂದರು. ಕೊನೆಗೆ ಬಂದಿದ್ದು ಅದೇ ಮಾತು. ‘ಟೈರ್ ಸದ್ದು ಮೇಡಂ. ಇವಿ ಭಾರ ಜಾಸ್ತಿ ಅಲ್ವಾ.’ ಸ್ಟೀರಿಂಗ್ ಸ್ವಲ್ಪ ವಾರೆ ನಿಲ್ಲುತ್ತದೆ ಅಂತಲೂ ಹೇಳಿದ್ದೆ. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವ ಕೆಲಸ, ಮಾಡಿ ಕೊಟ್ಟರು. ಸ್ಟೀರಿಂಗ್ ನೆಟ್ಟಗಾಯಿತು. ಸದ್ದು ಹಾಗೇ ಇತ್ತು. ಚೆಕ್ ಶೀಟಿನಲ್ಲಿ ನಾಲ್ಕೂ ಟೈರಿನ ಗೀರಿನ ಆಳ 5 ಮಿಲಿಮೀಟರ್ ಅಂತ ಬರೆದಿದ್ದರು. ಹೊಸ ಟೈರಿಗೆ 7-8 ಇರುತ್ತದೆ, ಕಾನೂನಿನ ಪ್ರಕಾರ 1.6ಕ್ಕಿಂತ ಕೆಳಗೆ ಹೋಗಬಾರದು. ಆ ಲೆಕ್ಕದಲ್ಲಿ ನನ್ನ ಟೈರಿಗೆ ಇನ್ನೂ ಅರ್ಧ ಆಯುಸ್ಸು ಇತ್ತು.

ನಿಜ ಹೊರಬಿದ್ದಿದ್ದು ಒಂದು ಮೊಳೆಯಿಂದ. ಬನ್ನಿಮಂಟಪದ ಹತ್ತಿರ ಗಾಳಿ ಕಮ್ಮಿ ಅಂತ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಂಡಿತು. ಎಡಗಡೆ ಹಿಂದಿನ ಚಕ್ರ. ಸ್ಟೆಪ್ನಿ ಕೊಟ್ಟಿಲ್ಲ ಈ ಕಾರಿಗೆ, ಡಿಕ್ಕಿಯಲ್ಲಿ ಒಂದು ಪಂಪು, ಒಂದು ಡಬ್ಬಿ ಗೋಂದು ಅಷ್ಟೇ. ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇತ್ತು. ಅಂಗಡಿಯ ಭಾಯ್ ಜಾಕ್ ಹಿಡಿದು ಮೊದಲು ಕೇಳಿದ್ದು, ‘ಬ್ಯಾಟ್ರಿ ಎಲ್ಲಿಂದ ಎಲ್ಲಿವರೆಗೆ ಇದೆ ಮೇಡಂ?’ ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತು ಹುಡುಕಿ, ಜಾಕಿನ ತಲೆ ಮೇಲೆ ರಬ್ಬರ್ ತುಂಡು ಇಟ್ಟು ಎತ್ತಿದರು. ದೊಡ್ಡ ದೊಡ್ಡ ಕಡೆ ಇಷ್ಟು ಜಾಗ್ರತೆ ಕಂಡಿರಲಿಲ್ಲ.

ಚಕ್ರ ಬಿಚ್ಚಿ ನೆಲದ ಮೇಲೆ ಹೊರಳಿಸಿದರು. ಮೊಳೆ ವಿಷಯ ಬಿಟ್ಟೇಬಿಟ್ಟರು. ‘ಇಲ್ಲಿ ಕೈ ಇಡಿ’ ಅಂದರು.

ಟೈರಿನ ಹೊರ ಅರ್ಧ ಚೆನ್ನಾಗಿತ್ತು. ಒಳ ಅಂಚಿನಲ್ಲಿ ಎರಡು ಬೆರಳಗಲದಷ್ಟು ಪೂರ್ತಿ ಬೋಳು. ಒಂದು ಕಡೆ ರಬ್ಬರ್ ಸವೆದು ಒಳಗಿನ ತಂತಿ ಸಣ್ಣಗೆ ಹೊಳೆಯುತ್ತಿತ್ತು. ಭಾಯ್ ನನ್ನ ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ ಸವರಿಸಿದರು, ನುಣ್ಣಗಿತ್ತು. ಹೊರಗಿನಿಂದ ಒಳಗೆ ಸವರಿದರೆ ತುರಿಮಣೆ ಹಲ್ಲಿನ ಹಾಗೆ ಚುಚ್ಚಿತು. ‘ಗಾಳಿ ಕಮ್ಮಿ ಆದ್ರೆ ಎರಡೂ ಅಂಚು ಹೋಗುತ್ತೆ, ಜಾಸ್ತಿ ಆದ್ರೆ ನಡುಮಧ್ಯ ಹೋಗುತ್ತೆ. ಇದು ಅಲೈನ್‌ಮೆಂಟೇ. ಹಿಂದಿಂದು.’ ಬಲಗಡೆ ಟೈರಿನ ಒಳಕ್ಕೆ ಕೈ ಹಾಕಿ ನೋಡಿದರು. ಅಲ್ಲೂ ಅದೇ ಕಥೆ, ತಂತಿ ಮಾತ್ರ ಇನ್ನೂ ಕಂಡಿರಲಿಲ್ಲ. ಗೊಂಯ್ ಅನ್ನುತ್ತಿದ್ದಿದ್ದು ಈ ಹಲ್ಲುಗಳೇ.

ಸರ್ವಿಸ್ ಸೆಂಟರಿನ 5 ಮಿಲಿಮೀಟರ್ ಕೂಡ ಸುಳ್ಳಲ್ಲ. ಅಳತೆಕಡ್ಡಿಯನ್ನು ಹೊರಗಿನ ಗೀರಿಗೆ ಹಾಕಿದ್ದರು. ಒಳಗಿನ ಗೀರು ನೋಡಬೇಕಾದರೆ ಕಾರಿನ ಅಡಿಗೆ ಬಗ್ಗಬೇಕು, ಅಥವಾ ಕಾರು ಲಿಫ್ಟಿನ ಮೇಲಿದ್ದಾಗ ಕತ್ತು ಎತ್ತಬೇಕು. ಬೇರಿಂಗ್ ನೋಡೋಕೆ ಲಿಫ್ಟಿಗೆ ಏರಿಸಿದ್ದರು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಅಳತೆಯ ಟೈರ್ ಮೈಸೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ತರಿಸಿದರು, ಒಂದಕ್ಕೆ 16 ಸಾವಿರದ ಮೇಲೆ. ಹೆಚ್ಚು ಭಾರ ಹೊರುವ ಎಕ್ಸ್‌ಎಲ್ ಗುರುತಿನದ್ದೇ ಆಗಬೇಕು ಅಂತ ಪಟ್ಟು ಹಿಡಿದೆ. ಅಳತೆ ಒಂದೇ ಇದ್ದರೂ ಭಾರದ ನಂಬರ್ ಕಮ್ಮಿ ಇರುವ ಟೈರ್ ಈ ತೂಕಕ್ಕೆ ಆಗುವುದಿಲ್ಲ.

ಹೊಸ ಟೈರ್ ಹಾಕಿಸಿಕೊಂಡು, ನಾಲ್ಕೂ ಚಕ್ರ ಅಳೆಯುವ ಅಂಗಡಿಗೆ ಹೋದೆ. ‘ಸರ್ ಬಂದಿಲ್ವಾ?’ ಅಂತ ಹುಡುಗ ಕೇಳಿದ. ಬಂದಿಲ್ಲ ಅಂದೆ. ಪ್ರತಿ ಚಕ್ರಕ್ಕೂ ಒಂದೊಂದು ಫಲಕ ಕಚ್ಚಿಸಿ, ಎದುರಿನ ಕ್ಯಾಮೆರಾಗೆ ಕಾಣುವ ಹಾಗೆ ಇಟ್ಟರು. ಆಮೇಲೆ ಕಾರನ್ನು ತುಸು ಹಿಂದಕ್ಕೆ, ತುಸು ಮುಂದಕ್ಕೆ ಉರುಳಿಸಬೇಕು. ಅಲ್ಲೇ ತಕರಾರು. ಹುಡುಗ ನ್ಯೂಟ್ರಲ್ ಹಾಕಿ ಬಾಗಿಲು ತೆಗೆದು ಇಳಿದರೆ ಕಾರು ತಾನೇ ಪಾರ್ಕಿಂಗ್‌ಗೆ ಹೋಗಿ ಕಚ್ಚಿಕೊಳ್ಳುತ್ತದೆ. ಮೂವರು ನೂಕಿದರೂ ಜಗ್ಗಲಿಲ್ಲ. ಕೊನೆಗೆ ನಾನೇ ಒಳಗೆ ಕೂತು, ಬೆಲ್ಟ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟೆ. ಅವರು ನೂಕಿದರು. ಸರ್ ಬಂದಿದ್ದರೂ ಇದೇ ಕೆಲಸ ಮಾಡಬೇಕಿತ್ತು.

ಪರದೆಯ ಮೇಲೆ ಮುಂದಿನದ್ದೆಲ್ಲ ಹಸಿರು. ಹಿಂದಿನದ್ದೆಲ್ಲ ಕೆಂಪು. ಟೋ ಅಂತ ಒಂದು ಸಾಲಿದೆ. ಚಕ್ರವನ್ನು ಮೇಲಿನಿಂದ ನೋಡಿದಾಗ ಅದರ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೆ ತಿರುಗಿದೆಯೋ ಅನ್ನುವ ಲೆಕ್ಕ ಅದು. ನನ್ನ ಕಾರಿನ ಹಿಂದಿನ ಚಕ್ರಗಳು ಕೂದಲೆಳೆಯಷ್ಟು ಒಳಕ್ಕೆ ತಿರುಗಿರಬೇಕು. ಎಡಗಡೆಯದ್ದು 35 ನಿಮಿಷ ಹೊರಕ್ಕೆ ತಿರುಗಿತ್ತು, ಬಲಗಡೆಯದ್ದು 10 ನಿಮಿಷ. 60 ನಿಮಿಷಕ್ಕೆ 1 ಡಿಗ್ರಿ. ಎರಡೂ ಸೇರಿ ಮುಕ್ಕಾಲು ಡಿಗ್ರಿ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸಿತು. ಲೆಕ್ಕ ಹಾಕಿದೆ. ಆ ಎರಡು ಚಕ್ರಗಳನ್ನು ಅವುಗಳ ಮೂತಿ ಇದ್ದ ಕಡೆಗೇ ಬಿಟ್ಟರೆ, ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಅವುಗಳ ನಡುವೆ 13 ಮೀಟರ್ ಅಂತರ ಹೆಚ್ಚಿರುತ್ತದೆ. ಒಂದೇ ಕಾರಿಗೆ ಕಟ್ಟಿರುವುದರಿಂದ ದೂರ ಹೋಗೋಕಾಗಲ್ಲ. ಅಷ್ಟನ್ನೂ ರಸ್ತೆಗೆ ಉಜ್ಜಿ ತೀರಿಸಬೇಕು. ಎಡಗಡೆಯದ್ದು ಹೆಚ್ಚು ವಾರೆ ಇದ್ದರೂ ಎರಡೂ ಟೈರ್ ಸವೆದಿದ್ದಕ್ಕೆ ಇದೇ ಕಾರಣ. ಕಾರು ಓಡುವಾಗ ಹಿಂದಿನ ಭಾಗ ಮಧ್ಯದ ದಾರಿ ಹುಡುಕಿಕೊಂಡು, ವಾರೆಯನ್ನು ಎರಡು ಚಕ್ರಕ್ಕೂ ಹಂಚುತ್ತದೆ.

ಕ್ಯಾಂಬರ್ ಕೂಡ ಮಿತಿ ದಾಟಿತ್ತು. ಅಂದರೆ ಚಕ್ರಗಳ ತಲೆ ಒಳಕ್ಕೆ ವಾಲಿದ್ದು ಸ್ವಲ್ಪ ಜಾಸ್ತಿ. ಬರೀ ಕ್ಯಾಂಬರ್ ಇದ್ದರೆ ಟೈರ್ ನಿಧಾನಕ್ಕೆ ಸವೆಯುತ್ತದೆ. ಭಾರವನ್ನೆಲ್ಲ ಒಳ ಅಂಚಿಗೆ ಹಾಕಿ, ಮೇಲೆ ಟೋ ಕೂಡ ಉಜ್ಜಿದರೆ ಟೈರ್ ಉಳಿಯುವುದಿಲ್ಲ.

ಸ್ಟೀರಿಂಗ್ ಮೊದಲು ವಾರೆ ನಿಲ್ಲುತ್ತಿದ್ದ ಗುಟ್ಟೂ ಇಲ್ಲೇ ಇತ್ತು. ಹಿಂದಿನ ಚಕ್ರಗಳು ಕಾರನ್ನು ಒಂದು ಪಕ್ಕಕ್ಕೆ ನೂಕುತ್ತಿದ್ದವು, ನಾನು ಸ್ಟೀರಿಂಗ್‌ನಲ್ಲಿ ಅದನ್ನು ಸರಿದೂಗಿಸುತ್ತಿದ್ದೆ. ಸರ್ವಿಸ್ ಸೆಂಟರಿನವರು ಹಿಂದಿನದನ್ನು ಮುಟ್ಟದೆ, ಮುಂದಿನ ಚಕ್ರಗಳನ್ನು ಆ ತಪ್ಪಿಗೆ ಹೊಂದಿಸಿ ಸ್ಟೀರಿಂಗ್ ನೆಟ್ಟಗೆ ಮಾಡಿದ್ದರು. ಇದ್ದ ಒಂದೇ ಸುಳಿವೂ ಹೋಯಿತು.

ಹುಡುಗ ಕಾರಿನ ಅಡಿಯಲ್ಲಿ ಕೆಲಸ ಮಾಡುವ ಗುಂಡಿಗಿಳಿದ. ಚಕ್ರವನ್ನು ಹಿಡಿದಿರುವ ಹಿಂದಿನ ಆರ್ಮ್ ಕೂರುವ ಕಡೆ ಒಂದು ಬೋಲ್ಟ್ ಇದೆ. ಅದರ ತಲೆಗೆ ಅಂಟಿದ ಬಿಲ್ಲೆಯ ತೂತು ನಡುವೆ ಇಲ್ಲ, ಓರೆಗಿದೆ. ತಿರುಗಿಸಿದರೆ ಆರ್ಮ್ ಒಂದಿಷ್ಟು ಸರಿಯುತ್ತದೆ. ಎಡಗಡೆಯದ್ದು ತುಕ್ಕು ಹಿಡಿದು ಕೂತಿತ್ತು. ಸ್ಪ್ರೇ ಹೊಡೆದು, ಟೀ ಕುಡಿದು ಬಂದು, ಉದ್ದನೆಯ ಪೈಪನ್ನು ಸ್ಪ್ಯಾನರಿಗೆ ಸಿಕ್ಕಿಸಿ ಬಿಚ್ಚಿದ. ಮೊದಲು ಕ್ಯಾಂಬರ್, ಆಮೇಲೆ ಟೋ. ಅದು ಸರಿಸಿದರೆ ಇದು ಅಲ್ಲಾಡುತ್ತದೆ, ಅದಕ್ಕೆ ಈ ಕ್ರಮ. ಮೇಲೆ ಅಂಕಿ 35ರಿಂದ 20ಕ್ಕೆ, 8ಕ್ಕೆ ಇಳಿದು, ಸೊನ್ನೆ ದಾಟಿ, ಒಳಗಡೆಗೆ 10ಕ್ಕೆ ಬಂದು ಹಸಿರಾಯಿತು. ಬೋಲ್ಟ್ ಬಿಗಿ ಮಾಡುವಾಗ ಮತ್ತೆ ಕೆಂಪು. ಬೈದುಕೊಂಡು ಮತ್ತೆ ಸಡಿಲ ಮಾಡಿದ. ಹಿಂದಿನದು ಮುಗಿದ ಮೇಲೆ ಮುಂದಿನದನ್ನು ಹೊಸದಾಗಿ ಹೊಂದಿಸಿ, ಸ್ಟೀರಿಂಗ್ ಸೆನ್ಸರ್‌ಗೆ ಸ್ಕ್ಯಾನರ್ ಹಚ್ಚಿ ಸೊನ್ನೆ ಮಾಡಿಕೊಟ್ಟ.

‘ರಸ್ತೆ ಗುಂಡಿಗೆ ಬಿತ್ತಾ ಮೇಡಂ?’ ಅಂತ ಕೇಳಿದ. ಗುಂಡಿಗೆ ಬಿದ್ದರೆ ಸಾಮಾನ್ಯವಾಗಿ ಒಂದು ಕಡೆ ಪೆಟ್ಟು. ಇಲ್ಲಿ ಎರಡೂ ಕಡೆ ಹೊರಕ್ಕೆ ತಿರುಗಿದ್ದು ನನಗೆ ಅರಗಲಿಲ್ಲ. ಮನೆಗೆ ಬಂದು ಹಳೆಯ ಜಾಬ್ ಕಾರ್ಡುಗಳನ್ನು ಹರಡಿಕೊಂಡೆ. ಮಳೆಗಾಲಕ್ಕೆ ಮುಂಚೆ ಹಿಂದಿನ ಮೋಟಾರಿನಲ್ಲಿ ಸಣ್ಣ ದೋಷ ಅಂತ ವಾರಂಟಿಯಲ್ಲಿ ಕೆಲಸ ಆಗಿತ್ತು. ಕಾರ್ಡಿನಲ್ಲಿ ಒಂದು ಸಾಲು: ಹಿಂದಿನ ಸಬ್‌ಫ್ರೇಮ್ ಇಳಿಸಿ ಕೂರಿಸಿದ್ದು. ಸಬ್‌ಫ್ರೇಮ್ ಅಂದರೆ ಮೋಟಾರು, ಸಸ್ಪೆನ್ಷನ್ ಎರಡನ್ನೂ ಹೊತ್ತಿರುವ ಚೌಕಟ್ಟು, ಅದನ್ನು ಇಳಿಸಿದರೆ ಹಿಂದಿನ ಸಸ್ಪೆನ್ಷನ್ನೂ ಜೊತೆಗೇ ಇಳಿಯುತ್ತದೆ. ಕೂರಿಸಿದ ಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್ ಆಗಲೇಬೇಕು. ಕಾರ್ಡಿನಲ್ಲಿ ಆ ಸಾಲು ಇರಲಿಲ್ಲ.

ಎರಡೂ ಕಾರ್ಡು, ಅಳತೆಯ ಪ್ರಿಂಟು, ತಂತಿ ಕಂಡ ಟೈರು ತಗೊಂಡು ಹೋಗಿ ಅವರ ಟೇಬಲ್ ಪಕ್ಕ ಇಟ್ಟೆ. ಟೈರ್ ಸವೆತ ವಾರಂಟಿಗೆ ಬರುವುದಿಲ್ಲ ಅಂದರು. ಸವೆತಕ್ಕೆ ವಾರಂಟಿ ಕೇಳ್ತಿಲ್ಲ, ನಿಮ್ಮ ಕೆಲಸ ಅರ್ಧಕ್ಕೆ ಬಿಟ್ಟಿದ್ದಕ್ಕೆ ಕೇಳ್ತಿದ್ದೀನಿ ಅಂದೆ. ಇವಿ ಭಾರದ ಮಾತು ಆ ದಿನ ಯಾರ ಬಾಯಲ್ಲೂ ಬರಲಿಲ್ಲ. ಮ್ಯಾನೇಜರ್ ಬಂದರು, ಮೇಲಿನವರಿಗೆ ಫೋನ್ ಹೋಯಿತು. ಟೈರಿನ ಅರ್ಧ ದುಡ್ಡು, ಅವರು ಮಾಡಿದ ಅಲೈನ್‌ಮೆಂಟಿನ ಪೂರ್ತಿ ದುಡ್ಡು ವಾಪಸ್ ಬಂತು. ಉಳಿದರ್ಧಕ್ಕೆ ಜಗ್ಗಾಡುವಷ್ಟು ರಜೆ ನನ್ನ ಹತ್ತಿರ ಇರಲಿಲ್ಲ.

ಎದುರು ಮನೆ ಅಂಕಲ್ ಇದನ್ನೆಲ್ಲ ಕೇಳಿ ತಮ್ಮ ಇವಿಯನ್ನೂ ಅದೇ ಅಂಗಡಿಗೆ ಒಯ್ದರು. ಅವರದ್ದೂ ಹಿಂದೆ ಕೆಂಪು, ಆದರೆ ಸ್ವಲ್ಪ. ಸರಿ ಮಾಡೋಣ ಅಂದರೆ ಬೋಲ್ಟೇ ಇಲ್ಲ. ಅವರ ಕಾರಿನ ಹಿಂದೆ ಇರುವುದು ಟ್ವಿಸ್ಟ್ ಬೀಮ್, ಎರಡು ಚಕ್ರಕ್ಕೂ ಸೇರಿ ಒಂದೇ ಅಡ್ಡತೊಲೆ. ಅದರಲ್ಲಿ ತಿರುಗಿಸಿ ಹೊಂದಿಸುವುದಕ್ಕೆ ಏನೂ ಕೊಟ್ಟಿರುವುದಿಲ್ಲ. ಒಂದೋ ಬೀಮನ್ನೇ ಬದಲಾಯಿಸಬೇಕು, ಇಲ್ಲವೇ ಚಕ್ರ ಕೂರುವ ಹಬ್‌ಗೂ ಬೀಮಿಗೂ ನಡುವೆ ಶಿಮ್, ಅಂದರೆ ಓರೆಯಾಗಿ ಕೊರೆದ ತೆಳು ಬಿಲ್ಲೆ, ಕೂರಿಸಬೇಕು. ಅಂಕಲ್ ಈಗ ಆ ಶಿಮ್ ಹುಡುಕುತ್ತಿದ್ದಾರೆ. ಸಿಕ್ಕಿದರೆ ನನಗೂ ತೋರಿಸುತ್ತೇನೆ ಅಂದಿದ್ದಾರೆ.