ವಿಮಾನ ನಿಲ್ದಾಣದ ಸುತ್ತ ಎಳೆದ ಗೆರೆ: ನನ್ನ ಡ್ರೋನ್ ನಕ್ಷೆಯ ಈವರೆಗಿನ ಕೆಲಸ

ಹವ್ಯಾಸಕ್ಕಾಗಿ ಡ್ರೋನ್ ಹಾರಿಸುವ ನಮ್ಮದೊಂದು ಚಿಕ್ಕ ಬಳಗವಿದೆ. ಅದರಲ್ಲಿರುವವರು ಬೇರೆ ಬೇರೆ ದೇಶಗಳಲ್ಲಿ ನೆಲೆಸಿದ್ದಾರೆ. ‘ಇಲ್ಲಿಂದ ಏರಿಸಬಹುದೇ?’ ಎಂಬ ಪ್ರಶ್ನೆ ವಾರಕ್ಕೊಮ್ಮೆಯಾದರೂ ನಮ್ಮ ನಡುವೆ ಏಳುತ್ತದೆ, ಪ್ರತಿ ಸಲವೂ ಯಾರಾದರೊಬ್ಬರು ‘ವಿಮಾನ ನಿಲ್ದಾಣದಿಂದ ಐದು ಕಿಲೋಮೀಟರ್ ಆಚೆಗಿದ್ದರೆ ಸಾಕು’ ಎಂದು ಹೇಳಿ ಮಾತು ಮುಗಿಸುತ್ತಾರೆ. ಆ ಐದು ಕಿಲೋಮೀಟರನ್ನು ನಿಲ್ದಾಣದ ಯಾವ ಜಾಗದಿಂದ ಅಳೆಯಬೇಕು ಎಂದು ನಾನು ಒಮ್ಮೆ ಕೇಳಿದಾಗ ಮೂವರಿಂದ ಮೂರು ಉತ್ತರಗಳು ಬಂದವು. ಈ ಕೆಲಸ ಶುರುವಾದದ್ದು ಅಲ್ಲಿಂದ. ನಕ್ಷೆಯ ಮೇಲೊಂದು ಬಿಂದುವನ್ನು ಗುರುತಿಸಿದರೆ ಆ ದೇಶದ ನಿಯಮದಂತೆ ಅಲ್ಲಿ ಹಾರಿಸಬಹುದೇ, ಹಾರಿಸಬಹುದಾದರೆ ಎಷ್ಟು ಎತ್ತರದವರೆಗೆ ಎಂಬುದನ್ನು ತಿಳಿಸಿ, ಅದೇ ಮಿತಿಯನ್ನು ಆರ್ಡುಪೈಲಟ್ ಎಂಬ ಹಾರಾಟ ನಿಯಂತ್ರಣ ತಂತ್ರಾಂಶವಿರುವ ನನ್ನ ಡ್ರೋನಿಗೆ ಬೇಲಿಯಾಗಿ, ಅಂದರೆ ಡ್ರೋನ್ ತಾನಾಗಿಯೇ ದಾಟದ ಗಡಿಯಾಗಿ ಬರೆದುಕೊಡುವ ಒಂದು ಪುಟ್ಟ ಪೈಥಾನ್ ಪ್ರೋಗ್ರಾಮ್ ನನ್ನ ಗುರಿ.

ಮೊದಲ ಎರಡು ವಾರ

ಈ ಎರಡು ವಾರ ಒಂದು ಸಾಲು ಕೋಡನ್ನೂ ಬರೆಯಲಿಲ್ಲ, ನಿಯಮಗಳನ್ನು ಓದುವುದರಲ್ಲೇ ದಿನಗಳು ಕಳೆದವು. ಭಾರತದ 2021ರ ಡ್ರೋನ್ ನಿಯಮಗಳು ಕಾರ್ಯನಿರತ ವಿಮಾನ ನಿಲ್ದಾಣದ ಸುತ್ತುಗೋಡೆಯಿಂದ ದೂರವನ್ನು ಅಳೆಯುತ್ತವೆ: 5ರಿಂದ 8 ಕಿ.ಮೀ. ನಡುವೆ ನೆಲದಿಂದಲೇ ಹಳದಿ ವಲಯ, 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಹಸಿರು ಮತ್ತು ಅದರ ಮೇಲೆ ಹಳದಿ, ಅದರಾಚೆ ಬೇರೆ ನಿರ್ಬಂಧವಿಲ್ಲದ ಕಡೆ 400 ಅಡಿಯವರೆಗೆ ಹಸಿರು. ಹಳದಿ ವಲಯದಲ್ಲಿ ಹಾರಿಸಲು ಆ ಭಾಗದ ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. ಹಿಂದೆ ಹಳದಿ ವಲಯ 45 ಕಿ.ಮೀ.ವರೆಗೆ ಚಾಚಿಕೊಂಡಿತ್ತು, ಹಳೆಯ ಟಿಪ್ಪಣಿಗಳನ್ನು ನಂಬಿ ಕುಳಿತವರು ಇಂದಿಗೂ ಆ ಅಂಕಿಯನ್ನೇ ಹೇಳುತ್ತಾರೆ.

ಬ್ರಿಟನ್ನಿನ ಅಳತೆಯೇ ಬೇರೆ. ಅಲ್ಲಿ ಅತಿ ಉದ್ದದ ರನ್‌ವೇಯ ನಡುಬಿಂದುವಿನಿಂದ 2 ಅಥವಾ 2.5 ನಾಟಿಕಲ್ ಮೈಲಿನ ವೃತ್ತವೊಂದನ್ನು ಎಳೆದು, ಪ್ರತಿ ರನ್‌ವೇಯ ತುದಿಯಿಂದ 5 ಕಿ.ಮೀ. ಉದ್ದ, 1 ಕಿ.ಮೀ. ಅಗಲದ ಪಟ್ಟಿಯನ್ನು ಅದಕ್ಕೆ ಸೇರಿಸುತ್ತಾರೆ. 2018ರ ಜುಲೈಯಲ್ಲಿ ಜಾರಿಗೆ ಬಂದಾಗ ಈ ನಿರ್ಬಂಧ ನಿಲ್ದಾಣದ ಗಡಿಯಿಂದ ಬರೀ 1 ಕಿ.ಮೀ. ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ಯಾಟ್ವಿಕ್ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂಬ ದೂರುಗಳಿಂದ ಸುಮಾರು ಸಾವಿರ ವಿಮಾನಗಳ ಸಂಚಾರ ಅಸ್ತವ್ಯಸ್ತಗೊಂಡ ಬಳಿಕ, 2019ರ ಮಾರ್ಚ್ 13ರಿಂದ ಈಗಿನ ಆಕಾರ ಬಂದಿತು. ಕೆನಡಾ ನಿಲ್ದಾಣಕ್ಕೆ 5.6 ಕಿ.ಮೀ., ಹೆಲಿಪೋರ್ಟಿಗೆ 1.9 ಕಿ.ಮೀ. ಎನ್ನುತ್ತದೆ, ಆಸ್ಟ್ರೇಲಿಯಾ ನಿಯಂತ್ರಣ ಗೋಪುರವಿರುವ ನಿಲ್ದಾಣಕ್ಕೆ 5.5 ಕಿ.ಮೀ., ನ್ಯೂಜಿಲೆಂಡ್ 4 ಕಿ.ಮೀ. ಎನ್ನುತ್ತವೆ. ಅಮೆರಿಕದಲ್ಲಿ ಹವ್ಯಾಸಿಗಳಿಗೆ ವೃತ್ತವೇ ಇಲ್ಲ. 2012ರ ಕಾನೂನಿನಲ್ಲಿದ್ದ ‘ಐದು ಮೈಲಿಯೊಳಗಾದರೆ ನಿಲ್ದಾಣಕ್ಕೆ ತಿಳಿಸಿ’ ಎಂಬ ಪದ್ಧತಿಯನ್ನು 2018ರ ಕಾನೂನು ಕೈಬಿಟ್ಟಿತು. ಈಗ ನಿಯಂತ್ರಿತ ವಾಯುಪ್ರದೇಶವನ್ನು ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಸೊನ್ನೆಯಿಂದ 400 ಅಡಿಯವರೆಗೆ ಒಂದು ಎತ್ತರವನ್ನು ಬರೆದಿಟ್ಟಿದ್ದಾರೆ. ‘ಲಾನ್ಸ್’ ಎಂಬ ವ್ಯವಸ್ಥೆಯ ಮೂಲಕ ಆ ಎತ್ತರದೊಳಗಿನ ಹಾರಾಟಕ್ಕೆ ಫೋನಿನಲ್ಲೇ ಅನುಮತಿ ಪಡೆಯುವ ಅವಕಾಶ 2019ರ ಜುಲೈಯಿಂದ ಹವ್ಯಾಸಿಗಳಿಗೂ ಸಿಕ್ಕಿದೆ.

ಹೀಗಾಗಿ ‘ದೂರ’ ಎಂಬ ಒಂದೇ ಸಂಖ್ಯೆಯ ಸುತ್ತ ಪ್ರೋಗ್ರಾಮ್ ಕಟ್ಟುವ ಯೋಚನೆಯನ್ನು ಇಲ್ಲೇ ಕೈಬಿಟ್ಟೆ. ಈಗ ಪ್ರತಿ ದೇಶಕ್ಕೂ ಒಂದು ಕಡತವಿದೆ. ಯಾವುದರಿಂದ ಅಳೆಯಬೇಕು, ಯಾವ ಆಕಾರ, ಯಾವ ಮಾನ ಎಂಬ ಮೂರೂ ಅದರಲ್ಲಿ ಬೇರೆ ಬೇರೆಯಾಗಿರುತ್ತವೆ.

ಮೂರನೆಯ ವಾರ

ಬ್ರಿಟನ್ನಿನ ಕಡತವನ್ನು ಬರೆದು, ಅಧಿಕೃತ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದಾಗ ನನ್ನ ವೃತ್ತ ಚಿಕ್ಕದಾಗಿ ಕಂಡಿತು. ಅಕ್ಷಾಂಶ ರೇಖಾಂಶಗಳಲ್ಲಿ ಏನೋ ತಪ್ಪಿರಬೇಕೆಂದು ಎರಡು ಸಂಜೆ ಹುಡುಕಿದೆ; ತಪ್ಪು ಇದ್ದದ್ದು ‘ಮೈಲಿ’ ಎಂಬ ಮಾತಿನಲ್ಲಿ. ರಸ್ತೆಯ ಮೈಲಿ 1,609 ಮೀಟರ್, ನಾಟಿಕಲ್ ಮೈಲು 1,852 ಮೀಟರ್. 2.5 ನಾಟಿಕಲ್ ಮೈಲೆಂದರೆ 4.63 ಕಿ.ಮೀ. ಆಗಬೇಕು, ನನ್ನ ಪ್ರೋಗ್ರಾಮ್ 4.02 ಕಿ.ಮೀ.ಗೇ ಗೆರೆ ಎಳೆದು ನಿಲ್ಲಿಸಿತ್ತು. ಆ ಆರುನೂರು ಮೀಟರಿನ ಉಂಗುರದೊಳಗೆ ನಿಂತು ಹಾರಿಸಿದವನು ತಾನು ಕಾನೂನಿನೊಳಗಿದ್ದೇನೆಂದೇ ನಂಬಿರುತ್ತಾನೆ. ಈಗ ಕಡತದಲ್ಲಿ ಮಾನವನ್ನು ಬರೆಯದೆ ಬರೀ ಅಂಕಿಯನ್ನಿಟ್ಟರೆ ಪ್ರೋಗ್ರಾಮ್ ಓಡಲು ನಿರಾಕರಿಸುತ್ತದೆ.

ಇದೇ ವಾರ ಕಂಡ ಇನ್ನೊಂದು ಸಂಗತಿಯೂ ಇದೆ. ಸಾರ್ವಜನಿಕವಾಗಿ ಸಿಗುವ ಪಟ್ಟಿಗಳಲ್ಲಿ ಪ್ರತಿ ನಿಲ್ದಾಣಕ್ಕೆ ಒಂದೇ ಬಿಂದುವಿರುತ್ತದೆ, ಅದು ಹೆಚ್ಚುಕಡಿಮೆ ನಿಲ್ದಾಣದ ನಡುಮಧ್ಯದಲ್ಲಿರುತ್ತದೆ. ರನ್‌ವೇ 3 ಕಿ.ಮೀ. ಉದ್ದವಿದ್ದರೆ ಅದರ ತುದಿ ಆ ಬಿಂದುವಿನಿಂದ ಒಂದೂವರೆ ಕಿ.ಮೀ. ಆಚೆಗಿರುತ್ತದೆ. ಸುತ್ತುಗೋಡೆಯಿಂದ ಅಳೆಯಬೇಕಾದ ಭಾರತದ 8 ಕಿ.ಮೀ.ಯನ್ನು ಈ ಬಿಂದುವಿನಿಂದ ಅಳೆದರೆ ಲೆಕ್ಕ ಪೂರ್ತಿ ಕೆಡುತ್ತದೆ. ಆದ್ದರಿಂದ ಗಡಿಯ ಬಹುಭುಜವನ್ನು ನಕ್ಷೆಯಿಂದ ತೆಗೆದುಕೊಂಡು, ಅದರ ಹತ್ತಿರದ ಅಂಚಿನಿಂದ ದೂರವನ್ನು ಎಣಿಸುತ್ತೇನೆ; ಬಂದ ಉತ್ತರವನ್ನು ಭಾರತದ ಅಧಿಕೃತ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈಯ ಬಣ್ಣದೊಂದಿಗೆ ಕಣ್ಣಾರೆ ಹೋಲಿಸದೆ ಒಪ್ಪುವುದಿಲ್ಲ, ಏಕೆಂದರೆ ಕೊನೆಯ ಮಾತು ಆ ನಕ್ಷೆಯದು, ನನ್ನದಲ್ಲ.

ಐದನೆಯ ವಾರ

ಈ ವಾರ ಕೆಲಸಕ್ಕಿಂತ ಕುತೂಹಲವೇ ಹೆಚ್ಚಾಯಿತು. ಬಳಗದ ಗೆಳೆಯರೊಬ್ಬರು, ‘ನಾವು ಏರಿಸುವುದು ಹೆಚ್ಚೆಂದರೆ 120 ಮೀಟರ್, ವಿಮಾನಗಳು ಅಷ್ಟು ಕೆಳಗೆ ಎಲ್ಲಿ ಬರುತ್ತವೆ?’ ಎಂದು ಕೇಳಿದ್ದರು. ವಾದ ಬಿಟ್ಟು ಲೆಕ್ಕ ಹಾಕಿದೆ. ಇಳಿಯುವ ವಿಮಾನದ ಸಾಮಾನ್ಯ ಕೋನ 3 ಡಿಗ್ರಿ. ರನ್‌ವೇಯ ಅಂಚನ್ನು ಅದು ಸುಮಾರು 15 ಮೀಟರ್ ಎತ್ತರದಲ್ಲಿ ದಾಟುತ್ತದೆ. ಹಿಂದಕ್ಕೆ ಹೋದಂತೆಲ್ಲ ಪ್ರತಿ ಕಿಲೋಮೀಟರಿಗೆ 52 ಮೀಟರಿನಂತೆ ಮೇಲಿರುತ್ತದೆ. 5 ಕಿ.ಮೀ. ದೂರದಲ್ಲಿ ಸುಮಾರು 277 ಮೀಟರ್, 1 ಕಿ.ಮೀ. ದೂರದಲ್ಲಿ 67 ಮೀಟರ್. ಸರಿಯಾಗಿ 2 ಕಿ.ಮೀ. ದೂರಕ್ಕೆ ಬಂದ ಉತ್ತರ 120 ಮೀಟರ್. ಹಲವು ದೇಶಗಳು ಹವ್ಯಾಸಿಗೆ ಕೊಟ್ಟಿರುವ ಗರಿಷ್ಠ ಎತ್ತರವೂ ವಿಮಾನದ ದಾರಿಯೂ ಆ ಜಾಗದಲ್ಲಿ ಒಂದೇ ಆಗುತ್ತವೆ. ಈ ಗೆರೆಯನ್ನು ಕಾಗದದ ಮೇಲೆ ಬರೆದು ಗೆಳೆಯರಿಗೆ ಕಳುಹಿಸಿದೆ, ಮಾರುತ್ತರ ಬರಲಿಲ್ಲ.

ಹಾಗಾದರೆ 5 ಕಿ.ಮೀ., 8 ಕಿ.ಮೀ. ಎಂಬ ಮಿತಿಗಳು ಅತಿಯಾದವೇ? ಇಳಿಯುವ ದೊಡ್ಡ ವಿಮಾನವೊಂದನ್ನೇ ಎಣಿಸಿದರೆ ಹಾಗೆ ಅನ್ನಿಸಬಹುದು. ಆದರೆ ಇಳಿಯಲಾಗದೆ ಮತ್ತೆ ಮೇಲೇರುವ ವಿಮಾನ, ನಿಲ್ದಾಣದ ಪಕ್ಕದಲ್ಲೇ ತಿರುಗಿ ಬರುವ ತರಬೇತಿಯ ಚಿಕ್ಕ ವಿಮಾನ, 3 ಡಿಗ್ರಿಯ ದಾರಿಗೆ ಕಟ್ಟುಬೀಳದ ಹೆಲಿಕಾಪ್ಟರ್ ಇವೆಲ್ಲ ಆ ಲೆಕ್ಕದ ಹೊರಗಿವೆ. ನನ್ನ ಮಟ್ಟಿಗೆ ವೃತ್ತಕ್ಕಿಂತ ಬ್ರಿಟನ್ನಿನ ಪಟ್ಟಿಯೂ ಜಪಾನಿನ ಪದ್ಧತಿಯೂ ಹೆಚ್ಚು ಅರ್ಥವಾಗುವಂಥವು. ಜಪಾನ್ ದೂರದ ಬದಲು ರನ್‌ವೇಯ ತುದಿಯಿಂದ ಇಳಿಜಾರಾಗಿ ಏರುವ ಕಲ್ಪಿತ ತಲಗಳನ್ನು ಹಿಡಿದು, ಅವುಗಳ ಮೇಲೆ ಅನುಮತಿಯಿಲ್ಲದೆ ಹಾರಿಸಬಾರದೆನ್ನುತ್ತದೆ. ಅಂತರರಾಷ್ಟ್ರೀಯ ಮಾನದಂಡದಂತೆ, ಉಪಕರಣಗಳ ನೆರವಿನಿಂದ ನಿಖರವಾಗಿ ಇಳಿಯುವ ದೊಡ್ಡ ರನ್‌ವೇಗಳಿಗೆ ಈ ತಲ ಮೊದಲ 3 ಕಿ.ಮೀ.ಯಲ್ಲಿ 50 ಮೀಟರಿಗೆ 1 ಮೀಟರಿನಂತೆ ಏರುತ್ತದೆ, 2 ಕಿ.ಮೀ. ದೂರದಲ್ಲಿ ಅದರ ಎತ್ತರ ಸುಮಾರು 40 ಮೀಟರ್, ಅಂದರೆ ವಿಮಾನದ ದಾರಿಯ ಮೂರನೇ ಒಂದು ಭಾಗ. ಕಾನೂನು ಇದನ್ನು ಕೇಳದ ದೇಶಗಳ ಕಡತಗಳಲ್ಲಿಯೂ ಈ ತಲವನ್ನು ತೆಳು ಕೆಂಪು ಗೆರೆಯಾಗಿ ತೋರಿಸಲು ಪ್ರೋಗ್ರಾಮಿಗೆ ಸೇರಿಸಿದ್ದೇನೆ. ಅದು ಉತ್ತರವನ್ನು ಬದಲಾಯಿಸುವುದಿಲ್ಲ, ನೋಡುವವರಿಗೆ ಒಂದು ಅಂದಾಜು ಕೊಡುತ್ತದೆ ಅಷ್ಟೆ.

ಏಳನೆಯ ವಾರ

ಬೇಲಿಯ ಮೊದಲ ಪರೀಕ್ಷೆಯನ್ನು ಯಾವ ನಿಲ್ದಾಣವೂ ಹತ್ತಿರವಿಲ್ಲದ ಬಯಲಿನಲ್ಲಿ ಮಾಡಿದೆ. 200 ಅಡಿಯ ವಲಯವನ್ನು ಅನುಕರಿಸಲು ಗರಿಷ್ಠ ಎತ್ತರವನ್ನು 60 ಮೀಟರಿಗೆ ಇಟ್ಟೆ. ದಿಬ್ಬದ ಮೇಲೆ ನಿಂತು ಏರಿಸಿದೆ, ಏಕೆಂದರೆ ಅಲ್ಲಿಂದ ಡ್ರೋನ್ ಚೆನ್ನಾಗಿ ಕಾಣುತ್ತದೆ. ಡ್ರೋನ್ ಎಲ್ಲೂ ಬೇಲಿಯನ್ನು ಮುಟ್ಟಲಿಲ್ಲ, ನಾನು ಸಂತೋಷದಿಂದಲೇ ಮನೆಗೆ ಬಂದೆ. ರಾತ್ರಿ ಹಾರಾಟದ ದಾಖಲೆಯನ್ನು ತೆರೆದು ಭೂಮಟ್ಟದ ನಕ್ಷೆಯ ಮೇಲಿಟ್ಟಾಗ ಒಂದು ಕಡೆ ಡ್ರೋನ್ ನೆಲದಿಂದ 79 ಮೀಟರ್ ಮೇಲಿತ್ತು. ಕಾರಣ ಸರಳ: ಈ ಬೇಲಿ ಎತ್ತರವನ್ನು ಏರಿಸಿದ ಜಾಗದಿಂದ ಎಣಿಸುತ್ತದೆ. ದಿಬ್ಬದಿಂದ 57 ಮೀಟರ್ ಮೇಲಿದ್ದ ಡ್ರೋನಿನ ಕೆಳಗೆ ನೆಲ ಇನ್ನೂ 22 ಮೀಟರ್ ಇಳಿದಿತ್ತು. ಐರೋಪ್ಯ ಒಕ್ಕೂಟದ ನಿಯಮವಂತೂ 120 ಮೀಟರನ್ನು ಭೂಮಿಯ ಮೇಲ್ಮೈಯ ಅತಿ ಹತ್ತಿರದ ಬಿಂದುವಿನಿಂದ ಅಳೆಯಬೇಕೆಂದು ಬಿಡಿಸಿ ಹೇಳುತ್ತದೆ. ನಾನು ಅದನ್ನು ಓದಿದ್ದೂ ಮರೆತಿದ್ದೆ.

ಈಗ ಪ್ರೋಗ್ರಾಮ್ ಹಾರಾಟದ ವಲಯದಲ್ಲಿ ಅತಿ ತಗ್ಗಿನ ನೆಲ ಯಾವುದೆಂದು ನೋಡಿ, ಏರಿಸುವ ಜಾಗ ಅದಕ್ಕಿಂತ ಎಷ್ಟು ಎತ್ತರವಿದೆಯೋ ಅಷ್ಟನ್ನು ಮಿತಿಯಿಂದ ಕಳೆಯುತ್ತದೆ. ಜೊತೆಗೆ ಇನ್ನೊಂದು 10 ಮೀಟರನ್ನು ಸುಮ್ಮನೆ ಕಳೆಯುತ್ತದೆ. ಅದು ವಾಯುಭಾರದ ಪಾಲು: ಡ್ರೋನ್ ಎತ್ತರವನ್ನು ಮುಖ್ಯವಾಗಿ ಗಾಳಿಯ ಒತ್ತಡದಿಂದ ತಿಳಿಯುತ್ತದೆ, ಒತ್ತಡ 1 ಹೆಕ್ಟೊಪಾಸ್ಕಲ್ ಬದಲಾದರೆ ಎತ್ತರ ಸುಮಾರು 8 ಮೀಟರ್ ಬದಲಾದಂತೆ ತೋರುತ್ತದೆ. ಅದೇ ದಿನ ಮೂರನೆಯ ಬ್ಯಾಟರಿ ಮುಗಿದು ಡ್ರೋನ್ ಹುಲ್ಲಿನ ಮೇಲೆ ಕುಳಿತು ಪ್ರೊಪೆಲ್ಲರುಗಳು ನಿಂತಿದ್ದರೂ ಪರದೆ ‘ಮೈನಸ್ 3 ಮೀಟರ್’ ಎಂದು ತೋರಿಸುತ್ತಿತ್ತು. ಹಾರುವಾಗಲೂ ಅದು ನಿಜಕ್ಕಿಂತ ಅಷ್ಟು ಕಡಿಮೆಯನ್ನೇ ಹೇಳಿರಬೇಕು.

ಒಂಬತ್ತನೆಯ ವಾರ

ತೂಕದ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. 250 ಗ್ರಾಮಿನ ಒಳಗಿದ್ದರೆ ಎಲ್ಲಿ ಬೇಕಾದರೂ ಹಾರಿಸಬಹುದೆಂಬ ನಂಬಿಕೆ ನಮ್ಮ ಬಳಗದಲ್ಲೂ ಇತ್ತು. ಅಮೆರಿಕದಲ್ಲಿ ಆ ತೂಕ ಹವ್ಯಾಸಿಗೆ ನೋಂದಣಿಯಿಂದ ಬಿಡುಗಡೆ ಕೊಡುತ್ತದೆ, ವಾಯುಪ್ರದೇಶದ ಅನುಮತಿಯಿಂದಲ್ಲ. ಭಾರತದಲ್ಲಿ ಪೈಲಟ್ ಪ್ರಮಾಣಪತ್ರ ಬೇಡವಾಗುತ್ತದೆ, ಹಳದಿ ವಲಯಗಳೂ ಡ್ರೋನ್ ನಿಷೇಧವಿರುವ ಕೆಂಪು ವಲಯಗಳೂ ಹಾಗೆಯೇ ಉಳಿಯುತ್ತವೆ. ಬ್ರಿಟನ್ನಿನ ನಿಲ್ದಾಣಗಳ ನಿರ್ಬಂಧಕ್ಕೆ ತೂಕದ ಹಂಗೇ ಇಲ್ಲ. ಆಸ್ಟ್ರೇಲಿಯಾದ 5.5 ಕಿ.ಮೀ. ಮಾತ್ರ 250 ಗ್ರಾಮಿಗಿಂತ ಭಾರವಾದವುಗಳಿಗೆ ಎಂದಿದೆ. ಆದ್ದರಿಂದ ತೂಕವೂ ದೇಶದ ಕಡತದೊಳಗೆ ಹೋಯಿತು.

ಹೆಚ್ಚು ಕಾಡಿದ್ದು ಮಾಹಿತಿಯ ವಯಸ್ಸು. 2017ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಬಳಿ ಹವ್ಯಾಸಿಯೊಬ್ಬರ ಡ್ರೋನ್ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಬಡಿಯಿತು. ಅಲ್ಲಿ ಆಗ ತಾತ್ಕಾಲಿಕ ನಿರ್ಬಂಧ ಜಾರಿಯಲ್ಲಿತ್ತು. ಹಾರಿಸುತ್ತಿದ್ದವರಿಗೆ ಅದು ತಿಳಿದಿರಲಿಲ್ಲ, ಆ್ಯಪ್ ಎಚ್ಚರಿಸುತ್ತದೆಂದು ನಂಬಿದ್ದರು, ಡ್ರೋನ್ ಅವರ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಈಗ ಆ ನಂಬಿಕೆಗೆ ಇನ್ನೂ ಕಡಿಮೆ ಆಧಾರವಿದೆ: 2025ರ ಜನವರಿಯಲ್ಲಿ ಡ್ರೋನ್ ತಯಾರಿಸುವ ಡಿಜೆಐ ಸಂಸ್ಥೆ ಅಮೆರಿಕದಲ್ಲಿ ನಿಲ್ದಾಣಗಳ ಸುತ್ತ ತನ್ನ ಡ್ರೋನ್ ಏರದಂತೆ ತಾನೇ ಹಾಕುತ್ತಿದ್ದ ಬೀಗವನ್ನು ತೆಗೆದು, ಎಚ್ಚರಿಕೆಯ ಸಂದೇಶವನ್ನಷ್ಟೇ ಉಳಿಸಿಕೊಂಡಿತು. ಡ್ರೋನ್ ಏರಲಿಲ್ಲವೆಂದರೆ ನಿಷೇಧ, ಏರಿತೆಂದರೆ ಅನುಮತಿ ಎಂದು ಕಲಿತವರ ಅಭ್ಯಾಸ ಇನ್ನು ನಡೆಯುವುದಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ತಾತ್ಕಾಲಿಕ ನಿರ್ಬಂಧಗಳ ಮಾಹಿತಿ ಆರು ಗಂಟೆಗಿಂತ ಹಳೆಯದಾಗಿದ್ದರೆ ಹಸಿರು ಉತ್ತರವೇ ಬರುವುದಿಲ್ಲ. ಬೂದು ಬಣ್ಣ ಬರುತ್ತದೆ, ಬೇಲಿಯ ಕಡತವನ್ನೂ ಅದು ಬರೆದುಕೊಡುವುದಿಲ್ಲ. ಆರು ಗಂಟೆಯೆಂಬುದು ನಾನೇ ಇಟ್ಟ ಅಂಕಿ. ಬಳಗದ ಇಬ್ಬರು ಇದು ತೀರ ಕಟ್ಟುನಿಟ್ಟಾಯಿತೆಂದು ಈಗಾಗಲೇ ಗೊಣಗಿದ್ದಾರೆ.

ಸದ್ಯದ ಸ್ಥಿತಿ

ಭಾರತ, ಬ್ರಿಟನ್, ಕೆನಡಾಗಳ ಕಡತಗಳು ಮುಗಿದಿವೆ. ಅಮೆರಿಕದ ಚೌಕಗಳ ಎತ್ತರವನ್ನು ಓದಿ ತೋರಿಸುವುದಷ್ಟೇ ಆಗಿದೆ. ಅನುಮತಿಯನ್ನು ಲಾನ್ಸ್ ಸೇವೆ ನೀಡುವ ಆ್ಯಪಿನಲ್ಲೇ ಕೇಳಬೇಕು. ಹೆಲಿಪೋರ್ಟುಗಳ ಪಟ್ಟಿ ಇನ್ನೂ ಅರೆಬರೆ, ಆಸ್ಪತ್ರೆಗಳ ಮಾಳಿಗೆಯ ಮೇಲಿರುವವು ನಕ್ಷೆಯಲ್ಲಿ ಎಲ್ಲ ಕಡೆ ಸಿಗುತ್ತಿಲ್ಲ. ಕಳೆದ ಭಾನುವಾರ, ಎರಡು ವರ್ಷಗಳಿಂದ ಹಾರಿಸುತ್ತಿದ್ದ ಜಾಗವನ್ನೇ ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ಪರೀಕ್ಷೆಗೆಂದು ಇಟ್ಟ ಅದೇ ಮಿತಿ 60 ಮೀಟರ್, ದಿಬ್ಬದ 22 ಮೀಟರ್ ಕಳೆ, ಒತ್ತಡದ 10 ಮೀಟರ್ ಕಳೆ: ಉಳಿದದ್ದು 28 ಮೀಟರ್. ಬಯಲಿನ ಅಂಚಿನ ಮರಗಳು ಅದಕ್ಕಿಂತ ಎತ್ತರವಾಗಿವೆ. ಮುಂದಿನ ವಾರ ದಿಬ್ಬದಿಂದ ಇಳಿದು, ತಗ್ಗಿನಲ್ಲಿ ನಿಂತು ಏರಿಸಲು ಜಾಗ ಹುಡುಕಬೇಕು.